ಹತ್ತು ಕೂಡಿಸದೆ ಕೇಳಿದ್ದು

ಅಥವಾ ಅದು ಸೋಯಾ ಅಲ್ಲ, ತೊಗರಿಯೇ ಇದ್ದಿರಬೇಕು. ಸೋಯಾ ಆಗಿದ್ದರೆ ಚೀಲ ಬಿಚ್ಚಿದ ಕೂಡಲೇ ಹಸಿ ಹುಳಿ ವಾಸನೆ ಬರಬೇಕಿತ್ತು. ನನ್ನ ನೆನಪಿನಲ್ಲಿ ವಾಸನೆಯೇ ಇಲ್ಲ. ನನ್ನ ನೆನಪಿನಲ್ಲಿ ಇಲ್ಲ ಎನ್ನುವುದರಿಂದ ಏನೂ ಸಾಬೀತಾಗುವುದಿಲ್ಲ, ಆಗ ನನಗೆ ನೆಗಡಿಯಾಗಿತ್ತೋ ಏನೋ. ಕಚೇರಿಯಲ್ಲಿ ನನಗಿಂತ ಹಿರಿಯರಾದ ಅವರು ನೆಲದ ಮೇಲೆ ಕೂತಿದ್ದರು. ಎದುರಿಗೆ ಒದ್ದೆ ಗೋಣಿಚೀಲ, ಅದರ ಮೇಲೆ ಹತ್ತು ಸಾಲು, ಸಾಲಿಗೆ ಹತ್ತು ಕಾಳು. ಇಷ್ಟು ಖಚಿತ. ಮೊಳಕೆಯೊಡೆದವನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟರು. ಕೊನೆಗೆ ಉಳಿದ ಹನ್ನೊಂದೋ ಹನ್ನೆರಡೋ ಗಟ್ಟಿ ಕಾಳುಗಳನ್ನು ಅಂಗೈಗೆ ಹಾಕಿಕೊಂಡು ನನ್ನ ಮುಂದೆ ಹಿಡಿದರು.

"ಇವನ್ನ ನೋಡು ತಮ್ಮಾ. ಇವು ಶಾಣ್ಯಾ ಅವ. ನೀರು ಕೊಟ್ರು, ಬೆಚ್ಚಗ ಇಟ್ರು, ಬಾ ಬಾ ಅಂತ ಕರದ್ರು. ನಾವು ಬರಂಗಿಲ್ಲ ಅಂತ ಕುಂತಾವ."

ಇದು ನಾನು ಕೆಲಸಕ್ಕೆ ಸೇರಿದ ಮೊದಲನೇ ದಿನ ನಡೆದದ್ದು ಎಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಮೊದಲ ದಿನವೇ ಆಗಿರಲಾರದು. ಮೊದಲ ದಿನ ನನ್ನನ್ನು ಯಾರೂ ಮಾತಾಡಿಸಿರಲಿಲ್ಲ. ಆದರೆ ಕತೆ ಹೇಳುತ್ತಾ ಹೇಳುತ್ತಾ ಅದು ಮೊದಲ ದಿನಕ್ಕೆ ಹೋಗಿ ಕೂತುಬಿಟ್ಟಿದೆ, ಈಗ ಎಬ್ಬಿಸಿದರೆ ಏಳುವುದಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ನಮ್ಮ ಹಳೆಯ ನೌಕರರ ವಾಟ್ಸಾಪ್ ಗುಂಪಿನಲ್ಲಿ 'ಲಿಂಗೈಕ್ಯರಾದರು' ಎಂದು ಬಂತು. ಹಿಂದೆಯೇ ಇನ್ನೊಂದು ಸಂದೇಶ: ಎಲ್ಲರೂ ಅವರ ಬಗ್ಗೆ ಎರಡು ಒಳ್ಳೆಯ ಮಾತು ಬರೆದು ಕಳಿಸಬೇಕು, ಪುಸ್ತಿಕೆ ಮಾಡುತ್ತೇವೆ. ಸಂಜೆಯೊಳಗೆ ಎಂಟು ಜನ 'ಸದಾ ನಗುಮೊಗದವರು' ಎಂದು ಬರೆದಿದ್ದರು. ನನಗೆ ರೇಗಿಹೋಯಿತು. ಆ ಮನುಷ್ಯ ಹದಿನಾಲ್ಕು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಹುಟ್ಟುವುದಕ್ಕಿಂತ ಹುಟ್ಟದಿರುವುದೇ ಮೇಲು ಎಂದು ದಿನಾ ಹೇಳಿದರು. ಆದರೆ ಸುಳ್ಳೆಂದು ತಳ್ಳಿಹಾಕಲೂ ಬರುವುದಿಲ್ಲ. ಹಾಗೆ ಹೇಳುವಾಗ ಅವರು ನಗುತ್ತಲೇ ಇದ್ದರು.

ಆಳಂದ ತಾಲ್ಲೂಕಿನ ಒಂದು ಹೋಬಳಿಯಲ್ಲಿ, ರೈತರಿಗೆ ಬೀಜ, ಗೊಬ್ಬರ, ಸಲಹೆ ಕೊಡುವ ಸರ್ಕಾರಿ ಕೇಂದ್ರ ನಮ್ಮದು. ಅವರು ಅಲ್ಲಿ ಕೃಷಿ ಸಹಾಯಕರು, ನಾನು ಹಂಗಾಮಿ ನೌಕರ. ಮುಂಗಾರಿಗೆ ಮೊದಲು ರೈತರು ತಾವು ಮನೆಯಲ್ಲಿ ಇಟ್ಟುಕೊಂಡ ಬೀಜವನ್ನು ಒಂದೊಂದು ಹಿಡಿ ತರುತ್ತಿದ್ದರು. ಅದರಲ್ಲಿ ನೂರು ಕಾಳು ಎಣಿಸಿ, ಒದ್ದೆ ಗೋಣಿಯ ಮೇಲೆ ಸಾಲಾಗಿ ಜೋಡಿಸಿ, ಚಾಪೆಯ ಹಾಗೆ ಸುತ್ತಿ ನೆರಳಲ್ಲಿಡುವುದು, ದಿನಾ ನೀರು ಚಿಮುಕಿಸುವುದು, ಆರನೇ ದಿನ ಬಿಚ್ಚಿ ಎಷ್ಟು ಮೊಳೆತವು ಎಂದು ನೋಡುವುದು. ನೂರಕ್ಕೆ ಎಷ್ಟು ಎನ್ನುವುದರ ಮೇಲೆ ಎಕರೆಗೆ ಎಷ್ಟು ಬೀಜ ಹಾಕಬೇಕು ಎನ್ನುವುದು ನಿಂತಿರುತ್ತದೆ. ಕಡಿಮೆ ಮೊಳೆತರೆ ದಟ್ಟವಾಗಿ ಬಿತ್ತಬೇಕು. ಈ ಕೆಲಸವನ್ನು ಅವರು ಬೇರೆ ಯಾರ ಕೈಗೂ ಬಿಡುತ್ತಿರಲಿಲ್ಲ. ಹುಟ್ಟೇ ತಪ್ಪು ಎನ್ನುವವರು ಮೊಳಕೆ ಎಣಿಸುತ್ತಾ ಬದುಕಿದರು. ಇದರಲ್ಲಿ ದೊಡ್ಡ ಅರ್ಥವಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಒಮ್ಮೆ ಕೇಳಿಯೂ ಬಿಟ್ಟೆ. "ಅರ್ಜಿ ಹಾಕಿದ್ದೆ, ನೌಕರಿ ಸಿಕ್ತು" ಅಂದರು.

ಅವರ ಹತ್ತಿರ ಬೂದು ರಟ್ಟಿನ ಒಂದು ಇಂಗ್ಲಿಷ್ ಪುಸ್ತಕವಿತ್ತು. ಕಲಬುರಗಿಯ ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದು. ಮೊದಲಿನ ಪುಟಗಳು ಹರಿದುಹೋಗಿ, ಅವುಗಳ ಜೊತೆ ಬರೆದವನ ಹೆಸರೂ ಹೋಗಿತ್ತು. ಯಾವುದೋ ದೂರದೇಶದ ತತ್ವಜ್ಞಾನಿ. ಅವರು ಅವನನ್ನು 'ಆ ಪುಣ್ಯಾತ್ಮ' ಎಂದು ಕರೆಯುತ್ತಿದ್ದರು. ಪುಣ್ಯಾತ್ಮನ ವಾದ ಇಷ್ಟು: ಬಯಕೆ ಇರುವವರೆಗೆ ನೋವು ತಪ್ಪದು, ಬಯಕೆ ತೀರಿದರೆ ಬೇಸರ ತಪ್ಪದು, ಹುಟ್ಟಿಸುವಾಗ ಹುಟ್ಟುವವರನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಹುಟ್ಟಿಸದಿರುವುದೇ ದಯೆ. ಊಟದ ಹೊತ್ತಿನಲ್ಲಿ ಅವರು ಡಬ್ಬಿ ಮುಚ್ಚಳ ತೆಗೆಯುತ್ತಾ ಇದನ್ನು ವಿವರಿಸುತ್ತಿದ್ದರು.

"ಸರ್ರ, ನಿಮಗ ನಾಕು ಮಕ್ಕಳು" ಎಂದೆ ಒಂದು ದಿನ.

"ಅವು ಪುಸ್ತಕ ಸಿಗೂಕಿಂತ ಪೈಲಾ ಆದವು."

"ಸಣ್ಣ ಮಗಳಿಗಿ ಈಗ ಆರು ವರ್ಷ. ಪುಸ್ತಕ ಸಿಕ್ಕು ಹತ್ತು ವರ್ಷ ಆತಂತ ನೀವ ಹೇಳೀರಿ."

"ಪುಸ್ತಕ ದಪ್ಪ ಅದ ಲೇ. ಆ ಪಾಠಕ್ಕ ಬಂದು ಮುಟ್ಟೂದ್ರಾಗ ಆಕಿ ಬಂದ್ಲು."

ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ತೊಟ್ಟಿಲ ಕಾರ್ಯಕ್ಕೆ ಹೋಗುತ್ತಿದ್ದರು, ಕರೆಯದಿದ್ದರೂ. ಕೈಯಲ್ಲಿ ಒಂದು ಕಿಲೋ ಸಕ್ಕರೆ. ತೊಟ್ಟಿಲಲ್ಲಿ ಬಗ್ಗಿ ನೋಡಿ 'ಅಯ್ಯೋ ಪಾಪ' ಎಂದು ಬಾಯಿಬಿಟ್ಟೇ ಅಂದು, ಸಕ್ಕರೆ ಇಟ್ಟು, ಊಟ ಮಾಡಿ ಬರುತ್ತಿದ್ದರು. ನನ್ನೂರು ಅಫಜಲಪುರ. ಒಮ್ಮೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹವಳಗಾದ ಕಡೆ ಕಬ್ಬಿನ ನಾಟಿ ನಡೆದಿತ್ತು. ತುಂಡು ಮಾಡಿದ ಕಬ್ಬನ್ನು ಸಾಲಿನಲ್ಲಿ ಹೂಳುವುದನ್ನು ದಾರಿ ಬದಿ ನಿಂತು ನೋಡಿದರು, ಬಸ್ಸು ತಪ್ಪುವವರೆಗೆ ನೋಡಿದರು. "ಕಡದು ತುಂಡು ಮಾಡಿ ಹುಗದ್ರೂ ಏಳ್ತದ ಅಂದ್ರ, ಎಂಥಾ ಹಟ ಇರಬೇಕು ಇದಕ್ಕ! ನಿಮ್ಮೂರಾಗ ನಾ ನೌಕರಿ ಮಾಡಂಗಿಲ್ಲಪಾ" ಅಂದರು. ನಮ್ಮವರಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಅದರ ಮೇಲೂ ಅವರ ದೂರಿತ್ತು. "ಹೋದ ಮ್ಯಾಲೂ ಕುಂಡ್ರಸ್ತಾರ. ಕಾಲು ಚಾಚಿ ಮಲಗಾಕ ಬಿಡೂದಿಲ್ಲ ನಮ್ಮ ಮಂದಿ."

ಇಂಥವು ಇನ್ನೂ ಬೇಕಾದಷ್ಟಿವೆ. ಬರೆಯುತ್ತಾ ಹೋದರೆ ಅವರು ಚಲೋ ತಮಾಷೆಯ ಮನುಷ್ಯ ಆಗಿಬಿಡುತ್ತಾರೆ, ಎಂಟು ಜನ ಬರೆದ ನಗುಮೊಗದವರು ಆಗಿಬಿಡುತ್ತಾರೆ. ಅದಕ್ಕೇ ನನಗೆ ನೆನಪುಗಳ ಮೇಲೆ ಸಿಟ್ಟು. ನಗೆ ಬಂದದ್ದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಚೆಲ್ಲಿಬಿಡುತ್ತವೆ. ಅವರಿಂದ ನನಗೆ ನಗೆಯಷ್ಟೇ ಬಂದಿರಲಿಲ್ಲ.

ನರೋಣಾದ ಸಂಗತಿಯನ್ನು ಇಲ್ಲಿ ಹೇಳಿಬಿಡಬೇಕು.

ನರೋಣಾದಿಂದ ಒಬ್ಬ ಹಿರಿಯ ರೈತ ಬರುತ್ತಿದ್ದ. ಎಲ್ಲರಿಗೂ ಅವನು ಮುತ್ಯಾ. ಸೋಯಾ ಬೀಜ ಪರೀಕ್ಷೆಗೆ ಕೊಟ್ಟುಹೋಗಿದ್ದ, ಫಲಿತಾಂಶ ಕೇಳಲು ಬಂದ. ಹೊರಗೆ ಕಟ್ಟೆಯ ಮೇಲೆ ಅವನ ಊರಿನ ನಾಲ್ಕೈದು ಜನ ಕೂತಿದ್ದರು.

"ಸಾಹೇಬ್ರ, ನಮ್ದು ಎಷ್ಟು ಬಂತ್ರಿ?"

"ಅರವತ್ತೆರಡು."

ಮುತ್ಯಾ ಬಾಗಿಲಿಗೆ ಹೋಗಿ ಹೊರಗಿನವರಿಗೆ ಕೂಗಿ ಹೇಳಿದ: "ಎಪ್ಪತ್ತೆರಡು ಬಂದಾವ್ರಪಾ!"

"ಏ ಮುತ್ಯಾ, ನಾ ಅರವತ್ತೆರಡು ಅಂದೆ."

"ಹೌದ್ರಿ ಸಾಹೇಬ್ರ, ನೀವು ಅಂದ್ರಿ. ನೀವು ಅನ್ನೂದು ನಮಗ ಗೊತ್ತಿಲ್ಲೇನ್ರಿ? ನೀವು ಎಷ್ಟು ಹೇಳ್ತೀರಿ, ಅದಕ್ಕ ನಾವು ಹತ್ತು ಕೂಡಸ್ಕೋತೇವಿ."

"ಯಾಕ ಕೂಡಸ್ಕೋತೀರಿ? ಕಾಳು ಎಣಿಸಿ ಹೇಳಾಕತ್ತೇನಿ ನಾ!"

"ಎಣಿಸಿರ್ತೀರಿ ಬಿಡ್ರಿ. ಆದ್ರ ನನ್ನ ಮೊಮ್ಮಗನ ತೊಟ್ಟಲಕ್ಕ ಬಂದು ಅಯ್ಯೋ ಪಾಪ ಅಂದ ಮನಷ್ಯಾರು ನೀವು. ಗುಂಡ್ಗಲ್ಲಿನಂಥ ಕೂಸಿಗಿ ಹಂಗಂದವ್ರು, ಕಾಳಿಗಿ ಬಿಡ್ತೀರಾ?"

ಕಟ್ಟೆಯ ಮೇಲಿನವರೆಲ್ಲಾ ನಕ್ಕರು. ನಾನೂ ನಕ್ಕೆ. ಅವರು ಮಾತ್ರ ನಗಲಿಲ್ಲ. ನರೋಣಾದವರು ಎಪ್ಪತ್ತೆರಡು ಎಂದೇ ತಿಳಿದು ಅಷ್ಟಕ್ಕೇ ತಕ್ಕಂತೆ ಬಿತ್ತಿದರು. ಆ ವರ್ಷ ಅವರ ಹೊಲಗಳ ಸಾಲುಗಳು ಹಲ್ಲು ಬಿದ್ದ ಬಾಯಿಯ ಹಾಗೆ ಎದ್ದವು. ನಮ್ಮ ಸಾಹೇಬರು ಎರಡು ದಿನ ಆ ಹೊಲಗಳಲ್ಲಿ ತಿರುಗಾಡಿದರು. ಮುಂದಿನ ವರ್ಷದಿಂದ ಒಂದು ಪದ್ಧತಿ ಮಾಡಿಕೊಂಡರು. ರಿಜಿಸ್ಟರಿನಲ್ಲಿ ಎಣಿಸಿದ ಅಂಕಿಯನ್ನೇ ಬರೆಯುವುದು, ನರೋಣಾದವರಿಗೆ ಬಾಯಲ್ಲಿ ಹೇಳುವಾಗ ಹತ್ತು ಕಳೆದು ಹೇಳುವುದು. ಅವರು ಹತ್ತು ಕೂಡಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಮಾದನಹಿಪ್ಪರಗಾದವರಿಗೆ ಈ ಚಟ ಇರಲಿಲ್ಲ, ಅವರಿಗೆ ಇದ್ದದ್ದನ್ನೇ ಹೇಳಬೇಕು. ಮರೆಯದಿರಲೆಂದು ರಿಜಿಸ್ಟರಿನ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು: 'ನರೋಣಾ, ಹತ್ತು ಕಮ್ಮಿ. ಮಾದನಹಿಪ್ಪರಗಾ, ಬರೋಬ್ಬರಿ.'

"ನನ್ನ ಜನ್ಮದಾಗ ಸುಳ್ಳು ಹೇಳಿದವನಲ್ಲ" ಎಂದು ನನ್ನ ಮುಂದೆ ಗೊಣಗಿದ್ದರು. "ಈಗ ನೋಡು, ಖರೇ ಮುಟ್ಟಬೇಕಂದ್ರ ಸುಳ್ಳ ಹೇಳಬೇಕಾಗ್ಯಾದ."

ನಾನು ನರೋಣಾದವರನ್ನು ಬೇಕೂಫರು ಅಂದುಕೊಂಡೆ. ನಾನು ಡಿಗ್ರಿ ಓದಿದವನು. ಸಾಹೇಬರು ಹೇಳಿದ್ದನ್ನು ಹೇಳಿದ ಹಾಗೆಯೇ ತೆಗೆದುಕೊಳ್ಳುತ್ತಿದ್ದೆ.

ಪುಸ್ತಕವನ್ನು ನಾನು ಕೇಳಿ ಪಡೆದೆ. ಅವರು ಕೊಟ್ಟರು ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ, ತಪ್ಪು ಅವರ ಮೇಲಿರಲಿ ಎಂದು. ಕೇಳಿದ್ದು ನಾನೇ. ಮೂರು ತಿಂಗಳು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಅವರ ಅಭಿಪ್ರಾಯ ತಿಳಿಯಲೆಂದು ಪುಟದ ಅಂಚುಗಳನ್ನು ಹುಡುಕಿದೆ. ಅಂಚಿನ ತುಂಬಾ ಅವರ ಅಕ್ಷರವಿತ್ತು. ಎಲ್ಲಾ ಬಸ್ಸಿನ ವೇಳೆ. 'ಐದೂ ಹತ್ತರ ಗಾಡಿ ಹೋಯಿತು.' 'ಇನ್ನೊಂದು ಆರಕ್ಕೆ.' ಮನುಷ್ಯಕುಲದ ದುಃಖಕ್ಕೆ ಕೊನೆಯೇ ಇಲ್ಲ ಎನ್ನುವ ಪುಟದಲ್ಲಿ 'ಮಾದನಹಿಪ್ಪರಗಾ ಗಾಡಿ ಇವತ್ತು ಇಲ್ಲ.'

ಓದಿದ್ದರಿಂದ ನನಗೆ ಏನಾಯಿತು ಎಂದು ಹೇಳುವುದು ಕಷ್ಟ. ದುಃಖವಾಯಿತು ಎಂದರೆ ಸುಳ್ಳು. ದುಃಖವಾಗಿದ್ದರೆ ಚೆನ್ನಾಗಿತ್ತು. ನನಗಾದದ್ದು ಒಂದು ಬಗೆಯ ಸೊಕ್ಕು. ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರನ್ನು ನೋಡಿದರೆ, ಇವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎನಿಸುತ್ತಿತ್ತು. ಮದುವೆಯ ಊಟದಲ್ಲಿ ಎಲೆಯ ಮುಂದೆ ಮುಖ ಸಣ್ಣಗೆ ಮಾಡಿಕೊಂಡು ಕೂರುತ್ತಿದ್ದೆ. ಯಾರಾದರೂ ಕೆಮ್ಮಿದರೆ ವಾದಕ್ಕೆ ಒಂದು ಸಾಕ್ಷಿ ಸಿಕ್ಕಂತಾಗುತ್ತಿತ್ತು. ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು, ಜೇವರ್ಗಿಯ ಒಕ್ಕಲುತನದ ಮನೆಯವಳು. ಮದುವೆಯಾಗಿ ಆರು ವರ್ಷದ ಮೇಲೆ ಬಸುರಾಗಿದ್ದಳು. ಅವಳು ರಾತ್ರಿ ಊಟ ಬಡಿಸುವಾಗ ನಾನು ಪುಣ್ಯಾತ್ಮನ ಒಂದೊಂದು ಪಾಠ ಒಪ್ಪಿಸುತ್ತಿದ್ದೆ. ಅವಳು ಕೇಳಿಸಿಕೊಂಡು, "ಇನ್ನೊಂದು ರೊಟ್ಟಿ ಹಾಕ್ಲ್ಯಾ?" ಅನ್ನುತ್ತಿದ್ದಳು. ಅವಳಿಗೆ ಅರ್ಥವಾಗುತ್ತಿಲ್ಲ ಎಂದುಕೊಂಡಿದ್ದೆ.

ನಮ್ಮ ಮನೆತನಗಳಲ್ಲಿ ಎಂಟನೇ ತಿಂಗಳಲ್ಲಿ ಮಠದ ಸ್ವಾಮಿಗಳು ಬಂದು ಹೊಟ್ಟೆಯೊಳಗಿನ ಕೂಸಿಗೆ ಲಿಂಗ ಕಟ್ಟುತ್ತಾರೆ. ಕೂಸಿನ ಪರವಾಗಿ ತಾಯಿ ಇಟ್ಟುಕೊಳ್ಳುತ್ತಾಳೆ. ಜೇವರ್ಗಿಯಲ್ಲಿ ಮಾವನ ಮನೆಯ ಪಡಸಾಲೆಯಲ್ಲಿ ಕಾರ್ಯವಿತ್ತು. ಮನೆ ತುಂಬಾ ಮಂದಿ. ಸ್ವಾಮಿಗಳು ಚಿಕ್ಕ ವಯಸ್ಸಿನವರು, ರೂಢಿಯ ಮಾತಿಗೆ ಹಿರಿಯರ ಕಡೆ ನೋಡಿ, "ಎಲ್ಲಾರದೂ ಒಪ್ಪಿಗಿ ಅದ ಅಲ್ರೀ?" ಎಂದು ಕೇಳಿದರು.

"ಕೂಸಿಗಿ ಯಾರರ ಕೇಳೀರೇನ್ರಿ?" ಎಂದೆ ನಾನು.

ಎಲ್ಲರೂ ನಕ್ಕರು. ಅಳಿಯಂದಿರು ಚೇಷ್ಟೆ ಮಾಡಿದರು ಎಂದು ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡರು. ಸ್ವಾಮಿಗಳೂ ನಕ್ಕು, "ಅದಕ್ಕ ಮಾತು ಬರೂತನಕ ತಡದ್ರ ನಮಗ ದಕ್ಷಿಣಿ ಸಿಗೂದಿಲ್ರಿ" ಅಂದರು. ಹೆಂಡತಿ ನಗಲಿಲ್ಲ. ಮೂರು ತಿಂಗಳು ಪಾಠ ಕೇಳಿದವಳು ಅವಳೊಬ್ಬಳೇ.

ಕಾರ್ಯ ಮುಗಿದು ಮಂದಿ ಊಟಕ್ಕೆ ಕೂತಾಗ ನನ್ನನ್ನು ಒಳಗಿನ ಕೋಣೆಗೆ ಕರೆದಳು.

"ಚಾಷ್ಟಿ ಅಲ್ಲಂತ ನನಗೊಬ್ಬಕಿಗೇ ಗೊತ್ತದ. ಹೇಳ್ರಿ, ಈ ಕೂಸು ಬ್ಯಾಡಾಗಿತ್ತೇನು ನಿಮಗ?"

"ಹಂಗಲ್ಲ. ಅದು ತತ್ವದ ಮಾತು—"

"ನನ್ನ ಹೊಟ್ಟಿ ಮ್ಯಾಲ ತತ್ವ ಇಡಬ್ಯಾಡ್ರಿ. ಆರು ವರ್ಷ ದವಾಖಾನಿ ತಿರಗೇನಿ ನಾ. ಒಂದ ದಿನ, ಒಂದ ದಿನ ನಿಮ್ಮ ಮಾರಿ ಮ್ಯಾಲ ಖುಷಿ ಕಂಡಿಲ್ಲ ನನಗ."

ನಾನು ಏನೋ ಹೇಳಿದೆ. ಏನು ಹೇಳಿದೆ ಎನ್ನುವುದು ಈಗ ನೆನಪಿಲ್ಲ, ನೆನಪಿಲ್ಲದಿರುವುದೇ ಒಳ್ಳೆಯದು. ಅವಳು ಹೇಳಿದ್ದು ನೆನಪಿದೆ.

"ಆಳಂದಕ್ಕ ಹೋಗ್ರಿ. ಬಾಣಂತನ ಇಲ್ಲೇ ಆಗ್ತದ. ಕೂಸಿನ್ನ ನೋಡಿ ಅಯ್ಯೋ ಪಾಪ ಅನ್ನೂ ಮನಷ್ಯಾ ನನ್ನ ತೊಟ್ಟಲ ಹಂತ್ಯಾಕ ಬರಬಾರ್ದು. ನಕ್ಕೋತ ಬರೂದಿದ್ರ ಬರ್ರಿ. ಇಲ್ಲಂದ್ರ ಇಲ್ಲ."

ಮರುದಿನದಿಂದ ನನ್ನ ಫೋನು ಎತ್ತಲಿಲ್ಲ. ಅತ್ತೆ ಎತ್ತಿ, "ಮಲಗ್ಯಾಳ್ರಿ" ಅನ್ನುತ್ತಿದ್ದರು. ಮುಂಜಾನೆ ಮಾಡಿದರೂ ಮಲಗ್ಯಾಳ, ಸಂಜೆ ಮಾಡಿದರೂ ಮಲಗ್ಯಾಳ. ನಾಲ್ಕನೇ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು. ಪುಸ್ತಕದ ಪ್ರಕಾರ ಇದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಕೂಸಿನ ಮುಖ ನೋಡಲು ಸಿಗದಿದ್ದರೆ ಒಂದು ಬಯಕೆ ಕಡಿಮೆಯಾಯಿತು, ಅಷ್ಟೇ. ನಾನು ಪುಸ್ತಕ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಎಸೆದೆ. ನಡೆದದ್ದನ್ನೆಲ್ಲಾ ಹೇಳಿದೆ. ಅವರು ಡಬ್ಬಿ ಮುಚ್ಚಿದರು.

"ಅಲ್ಲೋ ತಮ್ಮಾ, ಪುಸ್ತಕದಾಗಿನ ಮಾತು ಪಡಸಾಲ್ಯಾಗ ಯಾಕ ಆಡಿದಿ?"

"ನೀವು ದಿನಾ ಆಡ್ತೀರಲ್ರೀ!"

"ನಾ ಆಫೀಸಿನ್ಯಾಗ ಆಡ್ತೇನಿ. ಇಲ್ಲಿ ಯಾರು ಬಸುರದಾರ?"

"ತೊಟ್ಟಲಕ್ಕ ಹೋಗಿ ಅಯ್ಯೋ ಪಾಪ ಅಂತೀರಿ."

"ಸಕ್ಕರಿ ಒಯ್ದಿರ್ತೇನಿ. ನೀ ಏನ್ ಒಯ್ದಿದ್ದಿ?"

ನನಗೆ ಅವರನ್ನು ಹೊಡೆಯಬೇಕು ಅನಿಸಿತು. ಇದನ್ನು ಪುಸ್ತಿಕೆಗೆ ಕಳಿಸಲಾಗುವುದಿಲ್ಲ, ಆದರೆ ಅನಿಸಿದ್ದು ನಿಜ. ಮೂರು ತಿಂಗಳು ನನ್ನ ಮನೆ ಸುಡುವಾಗ ಸುಮ್ಮನಿದ್ದು, ಈಗ ಕಡ್ಡಿ ಗೀರಿದ ರೀತಿ ಸರಿಯಿಲ್ಲ ಎನ್ನುತ್ತಿದ್ದರು. "ನೀವು ಅದನ್ನ ನಂಬ್ತೀರೋ ಇಲ್ಲೋ, ಅಷ್ಟು ಹೇಳ್ರಿ" ಎಂದೆ. ಅವರು ಎದ್ದು ಹೋಗಿ ನೆರಳಲ್ಲಿಟ್ಟ ಗೋಣಿಗಳಿಗೆ ನೀರು ಚಿಮುಕಿಸತೊಡಗಿದರು. ಅಲ್ಲಿಂದಲೇ, "ನಿಮ್ಮ ಮಾವರ ಮನಿ ಜೇವರ್ಗ್ಯಾಗ ಯಾ ಕಡೆ?" ಎಂದು ಕೇಳಿದರು. ನಾನು ಸಿಟ್ಟಿನಲ್ಲೇ ಹೇಳಿದೆ.

ಇಲ್ಲಿಂದ ಮುಂದಿನದನ್ನು ನಾನು ನೋಡಿಲ್ಲ. ಮೂವರು ಹೇಳಿದ್ದನ್ನು ಜೋಡಿಸುತ್ತಿದ್ದೇನೆ. ಮೂರೂ ಒಂದಕ್ಕೊಂದು ಕೂಡುವುದಿಲ್ಲ.

ಆ ಭಾನುವಾರ ಮಾದನಹಿಪ್ಪರಗಾದ ಒಬ್ಬ ರೈತನ ಬೀಜಕ್ಕೆ ಆರನೇ ದಿನ. ಎಣಿಕೆ ತಪ್ಪಿಸುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡುವವರಂತೂ ಅಲ್ಲ. ಆದ್ದರಿಂದ ಅವರೇ ಒದ್ದೆ ಗೋಣಿಯ ಸುರುಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಆಳಂದದಿಂದ ಕಲಬುರಗಿಗೆ, ಅಲ್ಲಿ ಗಾಡಿ ಬದಲಿಸಿ ಜೇವರ್ಗಿಗೆ ಹೋದರು. ನೀರು ಸೋರುತ್ತಿದೆ ಎಂದು ಕಂಡಕ್ಟರ್ ಜಗಳ ತೆಗೆದನಂತೆ. ಇದು ಅವರೇ ಹೇಳಿದ್ದು. 'ಕೂಸಿನ ಹಾಗೆ' ಎನ್ನುವುದು ನಾನು ಸೇರಿಸಿದ್ದು. ತೆಗೆದುಹಾಕಬೇಕು, ಆದರೂ ಇರಲಿ.

ಅತ್ತೆ ಹೇಳುವ ಪ್ರಕಾರ: "ಯಾರೋ ಮುದುಕರು ಬಂದ್ರು. ನಿಮ್ಮ ಅಳಿಯಂದ್ರ ಆಫೀಸಿನಾಂವ ಅಂದ್ರು. ನೀರು ಕೊಟ್ಟೆ. ಪಡಸಾಲ್ಯಾಗ ಒದ್ದಿ ಚೀಲ ಹಾಸಿ ಕುಂತ್ರು. ನಾ ಹೌಹಾರಿದೆ, ಮಾಟ ಮಂತ್ರ ಮಾಡಾಕ ಬಂದಾರೇನಂತ. ಮಗಳು ಹೊರಗ ಬಂದ್ಲು. ಇಬ್ರೂ ಕುಂತು ಕಾಳು ಎಣಿಸಿದ್ರು. ಪುಂಡಿಪಲ್ಯ ಮಾಡಿದ್ದೆ, ಎರಡು ರೊಟ್ಟಿ ಉಂಡ್ರು."

ಹೆಂಡತಿ ಹೇಳುವ ಪ್ರಕಾರ ಅವರು ಏನೂ ಉಣ್ಣಲಿಲ್ಲ, ಚಹಾ ಮಾತ್ರ ಕುಡಿದರು. ಎಣಿಸಿದ್ದು ಅವಳೊಬ್ಬಳೇ. ಅವರು ಗೋಡೆಗೆ ಒರಗಿ ನೋಡುತ್ತಿದ್ದರು, ಹೊಟ್ಟೆ ಅಡ್ಡ ಬರುತ್ತದೆ ನಿಧಾನ ಮಾಡವ್ವಾ ಅಂದರು. ಉಳಿದ ಮಾತು? "ಬೀಜದ ಮಾತು."

ಅವರು ಹೇಳಿದ್ದು: "ಊಟ ಛಲೋ ಇತ್ತು."

ಆ ಸಂಜೆ ಹೆಂಡತಿಯ ಫೋನು ಬಂತು. ಎಂಟು ದಿನಗಳ ಮೇಲೆ ಅವಳ ದನಿ. "ನಾಳಿ ಬರ್ರಿ" ಅಂದಳು.

"ಅವರು ಏನಂದ್ರು?"

"ಕಾಳು ಎಣಿಸಿದ್ವಿ. ಬರ್ರಿ ಸುಮ್ನ. ಬಾಯಿ ತೆರಿಬ್ಯಾಡ್ರಿ, ಬರ್ರಿ."

ಹೋದೆ. ಬಾಯಿ ತೆರೆಯಲಿಲ್ಲ. ಮಗಳು ಹುಟ್ಟಿದಾಗ ನಕ್ಕೆನೋ ಅತ್ತೆನೋ, ಅದಕ್ಕೆ ಸಾಕ್ಷಿ ನರ್ಸೊಬ್ಬಳೇ. ಅವಳು ಹೊರಗೆ ನಿಲ್ಲಿರಿ ಎಂದು ಗದರಿದ್ದಷ್ಟೇ ನನ್ನ ತಲೆಯಲ್ಲಿದೆ. ತೊಟ್ಟಿಲ ಕಾರ್ಯಕ್ಕೆ ಅವರು ಸಕ್ಕರೆ ಹಿಡಿದು ಬಂದರು. ತೊಟ್ಟಿಲಿಗೆ ಬಗ್ಗಿದರು. ನಾನು ಬಾಗಿಲ ಹತ್ತಿರ ನಿಂತು ಅವರ ತುಟಿಯನ್ನೇ ನೋಡುತ್ತಿದ್ದೆ. ಹೆಂಗಸರು ಜೋಗುಳ ಶುರು ಮಾಡಿದರು, ಏನೂ ಕೇಳಿಸಲಿಲ್ಲ. ಹೆಂಡತಿ ತೊಟ್ಟಿಲ ಪಕ್ಕದಲ್ಲೇ ಕೂತಿದ್ದಳು, ಅವರು ಅಂದದ್ದು ಅವಳಿಗೆ ಕೇಳಿರಬೇಕು. ಅವಳು ಅವರಿಗೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದಳು.

ಕೆಲಸಕ್ಕೆ ಮರಳಿದ ಮೇಲೆ ರಿಜಿಸ್ಟರು ತೆಗೆದು ನೋಡಿದೆ. ಆ ಭಾನುವಾರದ ಸಾಲಿಗೆ ಒಂದು ಚೀಟಿ ಅಂಟಿಸಿದ್ದರು. ನಮ್ಮ ಕಚೇರಿಯಲ್ಲಿ ಎಲ್ಲರೂ ಬರೆಯುವುದು ಇಂಗ್ಲಿಷ್ ಅಂಕಿ. ಚೀಟಿಯ ಮೇಲೆ ಕನ್ನಡ ಅಂಕಿಯಲ್ಲಿ, ಶಾಲೆಯ ಬೋರ್ಡಿನ ಮೇಲೆ ಬರೆದಷ್ಟು ದುಂಡಗೆ, ನನ್ನ ಹೆಂಡತಿಯ ಕೈಬರಹ: ೮೪. ಕೆಳಗೆ ಅವರ ಸಹಿ.

ಅವರು ನಿವೃತ್ತರಾಗಿ ಐದು ವರ್ಷವಾಯಿತು. ಆಮೇಲೆ ಮೂರೋ ನಾಲ್ಕೋ ಸಲ ಮಾತ್ರ ಭೇಟಿಯಾದೆ. ಪ್ರತಿ ಸಲವೂ ಕೇಳಬೇಕೆಂದು ಹೋಗಿ ಮಳೆ, ಬೆಳೆ, ಮೊಣಕಾಲು ನೋವಿನ ಮಾತಾಡಿ ಬಂದೆ. ತೀರಿಕೊಂಡ ಸುದ್ದಿ ಬಂದಾಗ ಆಳಂದದ ಅವರ ಮನೆಗೆ ಹೋದೆ. ಅಷ್ಟು ಹೊತ್ತಿಗೆ ಕೂರಿಸಿ ಹೂಳಿ ಆಗಿತ್ತು. ಮೊಳೆಯದ ಗಟ್ಟಿ ಕಾಳುಗಳನ್ನು ಅವರು ಅಂಗಿ ಜೇಬಿನಲ್ಲಿ ಮನೆಗೆ ಒಯ್ಯುತ್ತಿದ್ದುದನ್ನು ನಾನು ನೋಡಿದ್ದೆ. ಹಿತ್ತಲಲ್ಲಿ ಅವು ಎಂದಾದರೂ ಎದ್ದು ಗಿಡವಾಗಿವೆ ಎಂದು ಬರೆಯುವಂತಿದ್ದರೆ ಈ ಬರಹಕ್ಕೆ ಒಂದು ಚೆಂದ ಬರುತ್ತಿತ್ತು. ಹಿತ್ತಲಲ್ಲಿ ಸಿಂಟೆಕ್ಸ್ ಟಾಕಿ ಇತ್ತು, ಕೆಟ್ಟ ಸ್ಕೂಟರ್ ಇತ್ತು. ಪುಸ್ತಕ ಎಲ್ಲಿ ಎಂದು ಕೇಳಿದೆ. ಸಣ್ಣ ಮಗಳು, ಪುಸ್ತಕದ ಆ ಪಾಠ ಮುಟ್ಟುವುದಕ್ಕಿಂತ ಮೊದಲು ಬಂದವಳು, "ಮನಿ ಸುಣ್ಣ ಹಚ್ಚೂ ಮುಂದ ರದ್ದಿಗಿ ಹಾಕಿದ್ವಿ ಕಾಕಾ, ಬೇಕಿತ್ತೇನ್ರಿ?" ಅಂದಳು. ಅವಳ ಕಣ್ಣುಗಳು ಊದಿಕೊಂಡಿದ್ದವು. ಹುಟ್ಟಬಾರದಿತ್ತು ಎಂದು ಅಪ್ಪ ತನ್ನ ಬಗ್ಗೆಯೂ ಹೇಳುತ್ತಿದ್ದನೆಂದು ಅವಳಿಗೆ ಗೊತ್ತಿತ್ತೇ? ಗೊತ್ತಿದ್ದಿರಬೇಕು. ಅವರು ಯಾವುದನ್ನೂ ಮುಚ್ಚಿಟ್ಟವರಲ್ಲ. ಗೊತ್ತಿದ್ದೂ ಅವಳು ಹತ್ತು ಕೂಡಿಸಿಕೊಂಡೇ ಬೆಳೆದಿರಬೇಕು.

ಮಾದನಹಿಪ್ಪರಗಾದ ಆ ರೈತನಿಗೂ ಫೋನು ಮಾಡಿದೆ. ಆ ವರ್ಷ ನಿಮ್ಮ ಬೆಳೆ ಹೆಂಗ ಎದ್ದಿತ್ತು ಎಂದು ಕೇಳಿದೆ. "ಯಾ ವರ್ಷ್ರಿ?" ಅಂದ. ಒಂಬತ್ತು ವರ್ಷದ ಹಿಂದಿನ ಮಾತು, ಅವನಿಗೆ ಯಾಕೆ ನೆನಪಿರಬೇಕು. "ಬಂದಿರಬೇಕ್ರಿ, ಇಲ್ಲಂದ್ರ ನೆನಪಿರ್ತಿತ್ತು" ಅಂದ.

ನಿನ್ನೆ ಹೆಂಡತಿಯನ್ನು ಮತ್ತೆ ಕೇಳಿದೆ. ಅವಳು ಮಕ್ಕಳ ನೋಟ್‌ಬುಕ್ ತಿದ್ದುತ್ತಾ ಕೂತಿದ್ದಳು. ಮಗಳು ಅವಳ ಪಕ್ಕದಲ್ಲಿ ಕಾಲು ಚಾಚಿ ಮಲಗಿದ್ದಳು.

"ಈಗರ ಹೇಳು. ಅವರು ಹೋದ್ರು. ಅವತ್ತು ಏನಂದ್ರು?"

"ಎಷ್ಟು ಸಲ ಹೇಳಬೇಕ್ರಿ? ಕಾಳು ಎಣಿಸಿದ್ವಿ."

"ಎಷ್ಟು ಬಂದಿದ್ವು?"

"ನೆನಪಿಲ್ಲ."

"ಎಂಬತ್ನಾಕು ಅಂತ ಬರದಿ."

"ಬರದಿದ್ರ ಅಷ್ಟ ಇರಬೇಕು."

"ಎಣಿಸಿದ್ದ ಬರದ್ಯೋ, ಹತ್ತು ಕೂಡಿಸಿ ಬರದ್ಯೋ?"

ಅವಳು ಕೆಂಪು ಪೆನ್ನು ಕೆಳಗಿಟ್ಟಳು. ಉತ್ತರ ಬರದ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ಅದು ಇರಲಿ. ಹದಿನಾಕು ವರ್ಷ ಅವರ ಬಾಜೂಕ ಕುಂತ್ರಿ. ಒಮ್ಮಿಯರ ನೀವು ಕೂಡಿಸಿರೇನು?"

ನಾನು ಕೂಡಿಸಿರಲಿಲ್ಲ. ಕೂಡಿಸಬೇಕಿತ್ತೇ ಎಂದು ಅವರನ್ನು ಕೇಳಿಯೂ ಇರಲಿಲ್ಲ. ಗುಂಪಿಗೆ ಎರಡು ಒಳ್ಳೆಯ ಮಾತು ಕಳಿಸಬೇಕೆಂದು ಮೂರು ಸಲ ಜ್ಞಾಪಿಸಿದ್ದಾರೆ, ಇನ್ನೂ ಕಳಿಸಿಲ್ಲ. ಊಟದ ಡಬ್ಬಿಯ ಎದುರು ಅವರು ಅಷ್ಟು ವರ್ಷ ನನಗೆ ಹೇಳಿದ್ದು ಹತ್ತು ಕಮ್ಮಿಯ ನರೋಣಾದ ಲೆಕ್ಕವೋ ಬರೋಬ್ಬರಿ ಮಾದನಹಿಪ್ಪರಗಾದ ಲೆಕ್ಕವೋ, ನನಗೆ ಗೊತ್ತಿಲ್ಲ.